ಹೆಸರುಗಳ ಸಾಲಿನಲ್ಲಿ ನಮ್ಮ ಮನೆ

(ಸೆಪ್ಟೆಂಬರ್ 8 – ಮಾತೆ ಮರಿಯಮ್ಮನವರ ಜನನೋತ್ಸವ, ತೆನೆಹಬ್ಬ. ಶುಭಸಂದೇಶ: ಮತ್ತಾಯ 1:1-16, 18-23)

ಒಂಬತ್ತು ದಿನಗಳ ನೊವೆನಾ ಮುಗಿದಿದೆ. ಮಕ್ಕಳು ಬುಟ್ಟಿಯಲ್ಲಿ ತಂದ ಹೂವುಗಳು ಬಾಲೆ ಮರಿಯಮ್ಮನವರ ಪಾದದಡಿಯಲ್ಲಿ ರಾಶಿಯಾಗಿವೆ. ಹೊಸ ತೆನೆ ಆಶೀರ್ವದಿಸಲ್ಪಟ್ಟು ದೇವಾಲಯದೊಳಗೆ ಬಂದಿದೆ. ಹೊರಗೆ ಕಬ್ಬಿನ ಕಟ್ಟುಗಳು ಕಾದಿವೆ; ಮಕ್ಕಳ ಕಣ್ಣು ಅತ್ತಲೇ. ಆಗ ಧರ್ಮಗುರುಗಳು ಶುಭಸಂದೇಶದ ಪುಸ್ತಕ ತೆರೆದು ಓದತೊಡಗುತ್ತಾರೆ: ಅಬ್ರಹಾಮನ ಮಗ ಇಸಾಕ, ಇಸಾಕನ ಮಗ ಯಕೋಬ... ಹೆಸರಿನ ಮೇಲೆ ಹೆಸರು. ಓದುವವರ ನಾಲಿಗೆ ಒಂದೆರಡು ಕಡೆ ತಡವರಿಸುತ್ತದೆ. ಕೇಳುವ ನಾವೋ, ಇದು ಯಾವಾಗ ಮುಗಿಯುವುದೋ ಎಂದು ಮನಸ್ಸಿನಲ್ಲೇ ಎಣಿಸುತ್ತೇವೆ.

ಮರಿಯಮ್ಮನವರ ಹುಟ್ಟುಹಬ್ಬದಂದು ಧರ್ಮಸಭೆ ಈ ಹೆಸರುಗಳ ಪಟ್ಟಿಯನ್ನು ಏಕೆ ಆರಿಸಿಕೊಂಡಿತು? ಅವರ ಜನನದ ಪ್ರಸ್ತಾಪ ಪವಿತ್ರ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ತಂದೆತಾಯಿಗಳಾದ ಜೋಕಿಂ ಮತ್ತು ಅನ್ನಮ್ಮನವರ ಹೆಸರುಗಳೂ ಪ್ರಾಚೀನ ಪರಂಪರೆಯಿಂದ ನಮಗೆ ಬಂದವು. ಆದ್ದರಿಂದ ಆ ದಿನ ಧರ್ಮಸಭೆ ಒಂದು ಕುಟುಂಬದ ವಂಶಾವಳಿಯನ್ನು ನಮ್ಮ ಮುಂದೆ ಬಿಡಿಸಿಡುತ್ತದೆ. ಅದರ ಕೊನೆಯಲ್ಲಿ ಮರಿಯಮ್ಮನವರ ಹೆಸರು ಇದೆ, ಅವರಿಂದ ಹುಟ್ಟಿದ ಯೇಸುವಿನ ಹೆಸರು ಇದೆ. ಹಬ್ಬದ ಊಟಕ್ಕೆ ಇಡೀ ಕುಟುಂಬ ಒಂದೇ ಮನೆಯಲ್ಲಿ ಸೇರುವ ಈ ದಿನಕ್ಕೆ ಇದಕ್ಕಿಂತ ತಕ್ಕ ವಾಚನ ಇನ್ನೊಂದಿಲ್ಲವೆಂದು ನಮಗೆ ತಿಳಿಯಲು ಬಹಳ ವರ್ಷಗಳೇ ಬೇಕಾದವು.

ಮತ್ತಾಯನು ಮುಚ್ಚಿಡದ ಸಂಗತಿಗಳು

ಮತ್ತಾಯನು ತನ್ನ ಪಟ್ಟಿಯನ್ನು ಮೂರು ಭಾಗ ಮಾಡುತ್ತಾನೆ. ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ದಾವೀದನಿಂದ ಬಾಬಿಲೋನಿನ ಸೆರೆಯವರೆಗೆ 14, ಸೆರೆಯಿಂದ ಕ್ರಿಸ್ತನವರೆಗೆ 14. ಹೀಬ್ರೂ ಭಾಷೆಯಲ್ಲಿ ಅಕ್ಷರಗಳಿಗೆ ಸಂಖ್ಯೆಯ ಬೆಲೆಯೂ ಇದೆ. ದಾವೀದ ಎಂಬ ಹೆಸರಿನ ಮೂರು ಅಕ್ಷರಗಳನ್ನು ಕೂಡಿಸಿದರೆ 4, 6, 4, ಒಟ್ಟು 14. ಯೇಸು ದಾವೀದನ ಕುಲದವನೆಂದು ಲೆಕ್ಕದಲ್ಲಿಯೇ ಹೇಳುವ ಜಾಣ್ಮೆ ಇದು. ಈ ಲೆಕ್ಕ ಕೂಡಿಬರಲೆಂದು ಅವನು ಕೆಲವು ರಾಜರ ಹೆಸರುಗಳನ್ನು ಬಿಟ್ಟಿದ್ದಾನೆ. ಯೋರಾಮನ ನಂತರದ ಮೂವರು ಅರಸರು ಅವನ ಪಟ್ಟಿಯಲ್ಲಿ ಕಾಣುವುದಿಲ್ಲ.

ಅರಸರನ್ನೇ ಬಿಟ್ಟವನು ನಾಲ್ಕು ಮಂದಿ ಸ್ತ್ರೀಯರನ್ನು ಮಾತ್ರ ಬಿಡಲಿಲ್ಲ! ತಂದೆಯಿಂದ ಮಗನಿಗೆ ಇಳಿಯುವ ಯೆಹೂದ್ಯ ವಂಶಾವಳಿಯಲ್ಲಿ ಸ್ತ್ರೀಯರ ಹೆಸರು ಬರುವುದೇ ಅಪರೂಪ. ಬಂದರೂ ಸಾರಾ, ರೆಬೆಕ್ಕ, ರಾಖೇಲರಂಥ ಕುಲಮಾತೆಯರು ಬರಬೇಕಾಗಿತ್ತು. ಆದರೆ ಬಂದವರು ಯಾರು? ಮಾವನಿಂದ ನ್ಯಾಯ ಸಿಗದೆ ವೇಷ ಮರೆಸಿಕೊಂಡು ನ್ಯಾಯ ಪಡೆದ ತಾಮಾರಳು. ಜೆರಿಕೋ ಪಟ್ಟಣದ ವೇಶ್ಯೆ ರಹಾಬಳು. ಮೋವಾಬ್ ನಾಡಿನಿಂದ ಅತ್ತೆಯ ಬೆನ್ನು ಹಿಡಿದು ಬಂದ ಬಡ ವಿಧವೆ ರೂತಳು. ಮತ್ತು ಉರೀಯನ ಹೆಂಡತಿ. ಬತ್ಷೆಬಳ ಹೆಸರು ಹೇಳದೆ 'ಉರೀಯನ ಹೆಂಡತಿ' ಎಂದು ಬರೆದುದರಿಂದ ದಾವೀದ ಅರಸನು ಮಾಡಿದ ಮಹಾಪಾಪವೂ ಪಟ್ಟಿಯೊಳಗೆ ಉಳಿಯಿತು. ಮನೆತನದ ಮಾನ ಕಾಯಲು ನಾವು ಯಾವ ಸಂಗತಿಗಳನ್ನು ಮುಚ್ಚುತ್ತೇವೋ ಅವನ್ನೇ ಮತ್ತಾಯನು ಬರೆದಿಟ್ಟನು.

ಕೊನೆಯಲ್ಲಿ ಇನ್ನೊಂದು ಸಂಗತಿಯಿದೆ. ಇಷ್ಟೆಲ್ಲ ತಲೆಮಾರುಗಳನ್ನು ಇಳಿದು ಬಂದ ಪಟ್ಟಿ ಜೋಸೆಫರ ಬಳಿ ಬಂದಾಗ ದಾರಿ ಬದಲಿಸುತ್ತದೆ. ಜೋಸೆಫರು ಯೇಸುವಿನ ತಂದೆ ಎನ್ನದೆ ಮರಿಯಳ ಪತಿ ಎನ್ನುತ್ತದೆ. ರಕ್ತ ಸಂಬಂಧದಿಂದ ಜೋಸೆಫರಿಗೆ ಈ ಮಗು ಸೇರಿದ್ದಲ್ಲ. ಆದರೂ ಅವರು ಮರಿಯಮ್ಮನವರನ್ನು ಮನೆಗೆ ಕರೆದುಕೊಂಡರು, ಮಗುವಿಗೆ ಹೆಸರಿಟ್ಟರು. ಹೆಸರಿಟ್ಟವನೇ ಕಾನೂನಿನಂತೆ ತಂದೆ. ಅಲ್ಲಿಂದ ಯೇಸು ದಾವೀದನ ಮಗನಾದನು. ನಮ್ಮ ರಕ್ಷಣೆಯ ವಂಶಾವಳಿಯ ಕೊನೆಯ ಕೊಂಡಿ ಒಬ್ಬ ಸಾಕುತಂದೆಯ ಪ್ರೀತಿ.

ಸೆರೆಯ ಈಚೆಗೆ, ಸೆರೆಯ ಆಚೆಗೆ

ಮತ್ತಾಯನು ತನ್ನ ಜನರ ಅತಿ ದೊಡ್ಡ ದುಃಖವಾದ ಬಾಬಿಲೋನಿನ ಸೆರೆಯನ್ನು ವಂಶಾವಳಿಯ ಮೈಲುಗಲ್ಲಾಗಿ ನೆಟ್ಟನು. ಮಂಗಳೂರಿನ ಕಥೋಲಿಕ ಕುಟುಂಬಗಳಿಗೆ ಈ ಮಾತು ಬೇಗ ಅರ್ಥವಾಗಬೇಕು. ನಮ್ಮ ವಂಶಾವಳಿಗಳಲ್ಲಿಯೂ ಅಂಥ ಒಂದು ಮೈಲುಗಲ್ಲು ಇದೆ.

ನಮ್ಮ ಹಿರಿಯರಲ್ಲಿ ಹೆಚ್ಚಿನವರು 16ನೇ ಶತಮಾನದಿಂದ 18ನೇ ಶತಮಾನದವರೆಗೆ ಗೋವೆಯಿಂದ ಅಲೆಅಲೆಯಾಗಿ ಕೆನರಾ ಜಿಲ್ಲೆಗೆ ಬಂದವರು. ಕ್ಷಾಮ, ಯುದ್ಧ, ಪೋರ್ಚುಗೀಸರ ಕಠಿಣ ಕಟ್ಟಳೆಗಳು, 1560ರಲ್ಲಿ ಅಲ್ಲಿ ನೆಲೆಗೊಂಡ ಇನ್ಕ್ವಿಸಿಶನ್, 1683ರ ಮರಾಠರ ದಾಳಿ, ಹೀಗೆ ಕಾರಣಗಳು ಹಲವು. ಕೆಳದಿಯ ನಾಯಕರ ಕಾಲದಲ್ಲಿ ಅವರು ಇಲ್ಲಿ ಗದ್ದೆ ಮಾಡಿದರು, ಇಗರ್ಜಿ ಕಟ್ಟಿದರು. ತೆನೆಹಬ್ಬವನ್ನು ಇಂದಿನ ರೀತಿಯಲ್ಲಿ 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಫಾದರ್ ಜೋಕಿಂ ಮಿರಾಂದರು ಆರಂಭಿಸಿದರೆಂದು ಇತಿಹಾಸಕಾರರು ಹೇಳುತ್ತಾರೆ. 'ಮೊಂತಿ ಫೆಸ್ತ್' ಎಂಬ ಹೆಸರಿಗೆ ಮೂಲ ಆ ಗುಡ್ಡವೇ.

ಆಮೇಲೆ 1784 ಬಂತು. ಆ ವರ್ಷದ ವಿಭೂತಿ ಬುಧವಾರದ ಹೊತ್ತಿಗೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 60,000 ಮಂದಿ ಎಂಬ ಲೆಕ್ಕ ಹೆಚ್ಚಾಗಿ ಕೇಳಿಬರುತ್ತದೆ; ಅದಕ್ಕಿಂತ ಕಡಿಮೆ ಎನ್ನುವ ಇತಿಹಾಸಕಾರರೂ ಇದ್ದಾರೆ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತದಿಂದ ಬೇರೆ ಹೆಸರು ಪಡೆದವರು ಎಷ್ಟೋ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರಿಗೆ ಮರಳಿದರು. ಇಗರ್ಜಿಗಳು ನೆಲಸಮವಾಗಿದ್ದವು. ಅವುಗಳೊಂದಿಗೆ ದೀಕ್ಷಾಸ್ನಾನದ, ಮದುವೆಯ, ಮರಣದ ಪುಸ್ತಕಗಳೂ ಬಹುಮಟ್ಟಿಗೆ ಹೋಗಿದ್ದವು.

ಅದಕ್ಕಾಗಿಯೇ ನಮ್ಮ ಹೆಚ್ಚಿನ ಕುಟುಂಬಗಳ ವಂಶಾವಳಿ ಸೆರೆಯಿಂದ ಮರಳಿ ಬಂದ ಒಬ್ಬ ಹಿರಿಯನಲ್ಲಿ ನಿಂತುಬಿಡುತ್ತದೆ. ಅವನ ತಂದೆಯ ಹೆಸರು ಬಾಯಿಮಾತಿನಲ್ಲಿ ಉಳಿದಿದ್ದರೆ ಉಂಟು. ಮತ್ತಾಯನ ಪಟ್ಟಿಯ ಮೂರನೆಯ ಭಾಗ ನೋಡಿರಿ: ಜೆರುಬ್ಬಾಬೆಲನ ನಂತರ ಬರುವ ಅಬಿಹೂದ, ಎಲ್ಯಾಕೀಮ, ಅಜೋರ, ಸಾದೋಕ ಇವರ ಬಗ್ಗೆ ಪವಿತ್ರ ಗ್ರಂಥದಲ್ಲಿ ಬೇರೆಲ್ಲೂ ಒಂದು ಮಾತಿಲ್ಲ. ಅವರು ಅರಸರಲ್ಲ, ಪ್ರವಾದಿಗಳಲ್ಲ. ಸೆರೆಯ ನಂತರ ಮದುವೆಯಾಗಿ, ಮಕ್ಕಳನ್ನು ಸಾಕಿ, ಅವರಿಗೆ ಪ್ರಾರ್ಥನೆ ಕಲಿಸಿದರು. ರಕ್ಷಕನು ಬರಲು ಅಷ್ಟು ಸಾಕಾಯಿತು. ನಮ್ಮ ಹಿರಿಯರೂ ಇಂಥವರೇ.

ಈ ನೆನಪು ಯಾರ ಮೇಲೂ ದ್ವೇಷ ಸಾಧಿಸಲಿಕ್ಕಲ್ಲ. ಮತ್ತಾಯನು ಸೆರೆಯನ್ನು ನೆನೆದದ್ದು ಬಾಬಿಲೋನಿನವರನ್ನು ಶಪಿಸಲು ಅಲ್ಲ. ಅದರಾಚೆಗೂ ದೇವರು ಕೈಬಿಡಲಿಲ್ಲವೆಂದು ಹೇಳಲು.

ಎರಡು ಹೆಸರು, ಒಂದೇ ಮನೆ

ಹಿರಿಯರ ಪುಸ್ತಕಗಳಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಲೋಬೊ, ಡಿಸೋಜ, ಪಿಂಟೊ, ರೊಡ್ರಿಗಸ್ ಮುಂತಾದ ಉಪನಾಮಗಳು ಗೋವೆಯಲ್ಲಿ ದೀಕ್ಷಾಸ್ನಾನದ ವೇಳೆ ಪೋರ್ಚುಗೀಸರಿಂದ ಬಂದವು. ಆದರೆ ಪ್ರಭು, ಪೈ, ಶೆಣೈ, ನಾಯ್ಕ, ಕಾಮತ್ ಎಂಬ ಹಳೆಯ ಹೆಸರುಗಳನ್ನು ಎಷ್ಟೋ ಮನೆಗಳು ಮರೆಯಲಿಲ್ಲ. ಸಂತ ಅಲೋಶಿಯಸ್ ಕಾಲೇಜು ನಿಂತಿರುವ ಗುಡ್ಡದ ಜಾಗವನ್ನು ಯೇಸುಸಭೆಯ ಗುರುಗಳಿಗೆ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು. ಅವರ ಹೆಸರಿನಲ್ಲಿ ಎರಡೂ ಕಾಲ ಒಟ್ಟಿಗೆ ಇವೆ. ಹೆಂಚಿನ ಉದ್ಯಮದಲ್ಲಿ ಹೆಸರಾದ ಅಲೆಕ್ಸಾಂಡರ್ ಆಲ್ಬುಕರ್ಕ್ ಪೈಯವರದೂ ಹಾಗೆಯೇ.

ನಮ್ಮ ಶಕ್ತಿನಗರದಲ್ಲಿ ಈ ಸಂಬಂಧ ಕಣ್ಣಿಗೇ ಕಾಣುತ್ತದೆ. ಮಕಾಳೆಯಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯ ಕಲಾಂಗಣ ಇದೆ. 2008ರ ಜನವರಿ 26 ಮತ್ತು 27ರಂದು ಅಲ್ಲಿ 40 ಗಂಟೆಗಳ ಕಾಲ ನಿರಂತರ ಕೊಂಕಣಿ ಹಾಡುಗಳು ಮೊಳಗಿ ಗಿನ್ನೆಸ್ ದಾಖಲೆಯಾಯಿತು. ಅಲ್ಲಿಗೆ ಸಮೀಪದಲ್ಲೇ 2009ರಲ್ಲಿ ಬಸ್ತಿ ವಾಮನ ಶೆಣೈಯವರ ಮುಂದಾಳತ್ವದಲ್ಲಿ ವಿಶ್ವ ಕೊಂಕಣಿ ಕೇಂದ್ರ ತೆರೆಯಿತು. ಕ್ರೈಸ್ತರು ಕಟ್ಟಿದ ಒಂದು ಮನೆ, ಹಿಂದೂಗಳು ಮುಂದೆ ನಿಂತು ಕಟ್ಟಿದ ಇನ್ನೊಂದು ಮನೆ. ಎರಡರೊಳಗೂ ಆಡುವ ಮಾತು ಒಂದೇ. ವಂಶಾವಳಿ ಹಿಡಿದು ಹಿಂದೆ ಹಿಂದೆ ಹೋದರೆ ನೆರೆಯವನ ಅಂಗಳದಲ್ಲೇ ಹೋಗಿ ನಿಲ್ಲುತ್ತೇವೆ.

ಇಂಗ್ಲೆಂಡಿನ ಒಂದು ಮನೆ

ಮನೆತನವೆಂದರೆ ಆಸ್ತಿಯೋ ವಿಶ್ವಾಸವೋ ಎಂಬ ಪ್ರಶ್ನೆಗೆ ಉತ್ತರ ಕೊಡುವ ಒಂದು ಮನೆ ಇಂಗ್ಲೆಂಡಿನಲ್ಲಿದೆ. ಆಕ್ಸ್‌ಫರ್ಡ್‌ಶೈರಿನ ಹೆನ್ಲಿ ಪಟ್ಟಣದ ಹತ್ತಿರ ಬೆಟ್ಟಗಳ ನಡುವಿನ ಆ ಬಂಗಲೆಯ ಹೆಸರು ಸ್ಟೋನರ್ ಪಾರ್ಕ್. ಸ್ಟೋನರ್ ಎಂಬ ಕುಟುಂಬ ಎಂಟು ಶತಮಾನಗಳಿಗೂ ಹೆಚ್ಚು ಕಾಲದಿಂದ ಅಲ್ಲಿದೆ. ಮನೆಗೆ ಅಂಟಿಕೊಂಡು ಪವಿತ್ರ ತ್ರೈತ್ವಕ್ಕೆ ಸಮರ್ಪಿತವಾದ ಪುಟ್ಟ ಪ್ರಾರ್ಥನಾಲಯ ಇದೆ.

1559ರ ನಂತರ ಇಂಗ್ಲೆಂಡಿನಲ್ಲಿ ಕಥೋಲಿಕ ಬಲಿಪೂಜೆ ಕಾನೂನಿಗೆ ವಿರುದ್ಧವಾಯಿತು. 1581ರಲ್ಲಿ ಬಂದ ಇನ್ನೊಂದು ಕಾನೂನಿನಂತೆ, ಸರಕಾರಿ ಸಭೆಯ ಆರಾಧನೆಗೆ ಹೋಗದವರು ತಿಂಗಳಿಗೆ 20 ಪೌಂಡು ದಂಡ ತೆರಬೇಕು. ಸಾಮಾನ್ಯ ಕೂಲಿಗಾರನು ವರ್ಷವಿಡೀ ದುಡಿದರೂ ಅಷ್ಟು ಹಣ ಕಾಣುತ್ತಿರಲಿಲ್ಲ. ಅದೇ ವರ್ಷ ಯೇಸುಸಭೆಯ ಎಡ್ಮಂಡ್ ಕ್ಯಾಂಪಿಯನ್ನರು ಬರೆದ 'ಹತ್ತು ಕಾರಣಗಳು' ಎಂಬ ಲ್ಯಾಟಿನ್ ಕಿರುಪುಸ್ತಕ ಸ್ಟೋನರ್ ಪಾರ್ಕಿನಲ್ಲಿ ಅಡಗಿಸಿಟ್ಟ ಮುದ್ರಣಯಂತ್ರದಲ್ಲಿ ಅಚ್ಚಾಯಿತು. ಜೂನ್ ತಿಂಗಳಲ್ಲಿ ಆಕ್ಸ್‌ಫರ್ಡಿನ ಸಂತ ಮೇರಿಯವರ ದೇವಾಲಯದ ಬೆಂಚುಗಳ ಮೇಲೆ ಅದರ ಪ್ರತಿಗಳು ಬೆಳಗಾಗುವಷ್ಟರಲ್ಲಿ ಬಿದ್ದಿದ್ದವು. ಜುಲೈಯಲ್ಲಿ ಕ್ಯಾಂಪಿಯನ್ನರು ಸೆರೆಯಾದರು. ಡಿಸೆಂಬರ್ 1ರಂದು ಲಂಡನ್ನಿನ ಟೈಬರ್ನ್ ಎಂಬಲ್ಲಿ ರಕ್ತಸಾಕ್ಷಿಯಾದರು. 1970ರಲ್ಲಿ ಆರನೇ ಪೌಲ್ ಜಗದ್ಗುರುಗಳು ಅವರನ್ನು ಇನ್ನೂ 39 ಮಂದಿಯೊಂದಿಗೆ ಸಂತರೆಂದು ಸಾರಿದರು. ಮನೆಯ ಯಜಮಾನಿ ಸಿಸಿಲಿ ಸ್ಟೋನರ್ ಆಗ ವಯಸ್ಸಾದ ವಿಧವೆ. ಗುರುಗಳಿಗೆ ಆಶ್ರಯ ಕೊಟ್ಟುದಕ್ಕೆ ಆಕೆಯೂ ಮಗ ಜಾನನೂ ವಿಚಾರಣೆ ಎದುರಿಸಿದರು. ಆಕೆ ತನ್ನ ವಿಶ್ವಾಸ ಬಿಡಲಿಲ್ಲ.

ಮುಂದಿನ ಎರಡು ಶತಮಾನ ಸ್ಟೋನರ್ ಕುಟುಂಬ ದಂಡ ತೆತ್ತು ತೆತ್ತು ಹೊಲ, ಕಾಡು, ಹಳ್ಳಿಗಳನ್ನು ಕಳೆದುಕೊಂಡಿತು. ಆ ಪ್ರಾರ್ಥನಾಲಯದ ದೀಪ ಮಾತ್ರ ಆರಲಿಲ್ಲ. 1829ರಲ್ಲಿ ಕಥೋಲಿಕರಿಗೆ ನಾಗರಿಕ ಹಕ್ಕುಗಳು ಮರಳಿ ದೊರೆತವು. ಹತ್ತು ವರ್ಷಗಳ ನಂತರ, 1839ರಲ್ಲಿ, ಒಂದು ಅಪರೂಪದ ಸಂಗತಿ ನಡೆಯಿತು. 1415ರ ಅಜಿನ್‌ಕೋರ್ಟ್ ಯುದ್ಧದಲ್ಲಿ ಹೋರಾಡಿದ ಥಾಮಸ್ ಕ್ಯಾಮೊಯ್ಸ್ ಎಂಬ ಸರದಾರನ ಪದವಿ ಗಂಡು ಸಂತಾನವಿಲ್ಲದೆ 15ನೇ ಶತಮಾನದಲ್ಲಿಯೇ ನಿಂತುಹೋಗಿತ್ತು. ಮೊಮ್ಮಗನು ತೀರಿದ ಮೇಲೆ ಉಳಿದವರು ಹೆಣ್ಣುಮಕ್ಕಳು. ಅವರಲ್ಲಿ ಒಬ್ಬಳ ಸಂತತಿಯನ್ನು ತಲೆಮಾರು ತಲೆಮಾರು ಹಿಡಿದು ಬಂದಾಗ ಅದು ಸ್ಟೋನರ್ ಮನೆಯ ಬಾಗಿಲಿಗೆ ಬಂತು. 400 ವರ್ಷಗಳ ನಂತರ ಆ ಪದವಿ ಥಾಮಸ್ ಸ್ಟೋನರರಿಗೆ ದಕ್ಕಿತು. ಯಾರೋ ಒಬ್ಬಳು ಹೆಣ್ಣುಮಗಳ ಹೆಸರನ್ನು 'ಮದುವೆಯಾಗಿ ಹೋದವಳು' ಎಂದು ಬಿಟ್ಟುಬಿಡದೆ ಬರೆದಿಟ್ಟಿದ್ದರಿಂದ ಇದು ಸಾಧ್ಯವಾಯಿತು.

ಆಸ್ತಿಯನ್ನು ಉಳಿಸಿಕೊಳ್ಳಲು ವಿಶ್ವಾಸ ಬಿಟ್ಟಿದ್ದರೆ ಇಂದು ಆ ಕುಟುಂಬದ ಕಥೆಯನ್ನು ಶಕ್ತಿನಗರದಲ್ಲಿ ಕುಳಿತು ನಾವು ಬರೆಯುತ್ತಿರಲಿಲ್ಲ.

ಧರ್ಮಕೇಂದ್ರದ ಪುಸ್ತಕ

ನಮಗೆ ಬಂಗಲೆ ಇಲ್ಲ, ಪದವಿ ಇಲ್ಲ. ವಂಶಾವಳಿ ಹುಡುಕುವುದು ಎಲ್ಲಿ? ಉತ್ತರ ಧರ್ಮಕೇಂದ್ರದ ಕಚೇರಿಯ ಕಪಾಟಿನಲ್ಲಿದೆ. 1563ರಲ್ಲಿ ತ್ರೆಂತ್ ಮಹಾಸಭೆ ಧರ್ಮಗುರುಗಳು ಮದುವೆಗಳನ್ನೂ, ದೀಕ್ಷಾಸ್ನಾನದ ಜ್ಞಾನ ತಂದೆತಾಯಿಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಈಗ ಜಾರಿಯಲ್ಲಿರುವ 1983ರ ಧರ್ಮಸಭೆಯ ಕಾನೂನು ಸಂಹಿತೆ ದೀಕ್ಷಾಸ್ನಾನ, ವಿವಾಹ, ಮರಣ, ಈ ಮೂರು ಪುಸ್ತಕಗಳು ಪ್ರತಿ ಧರ್ಮಕೇಂದ್ರದಲ್ಲಿಯೂ ಇರಬೇಕೆನ್ನುತ್ತದೆ. ದೀಕ್ಷಾಸ್ನಾನದ ಸಾಲಿನಲ್ಲಿ ಮಗುವಿನ ಹೆಸರು, ತಂದೆತಾಯಿ, ಜ್ಞಾನ ತಂದೆತಾಯಿ, ದೀಕ್ಷೆ ಕೊಟ್ಟ ಗುರು, ಹುಟ್ಟಿದ ದಿನ, ಸ್ಥಳ ಎಲ್ಲವೂ ಸಿಗುತ್ತವೆ. ದತ್ತು ಮಗುವಿನ ದಾಖಲೆಯಲ್ಲಿ ದತ್ತು ಪಡೆದ ತಂದೆತಾಯಿಯರ ಹೆಸರು ಬರುತ್ತದೆ. ಜೋಸೆಫರ ಪರಂಪರೆ ಕಾನೂನಿನಲ್ಲಿಯೂ ಉಳಿದಿದೆ.

ಹೀಗೆ ಹುಡುಕುವವರು ತಿಳಿದಿರಬೇಕಾದುದು ಇಷ್ಟು. ಮೊದಲು ಮನೆಯ ಅತಿ ಹಿರಿಯರ ಬಳಿ ಕುಳಿತು ಅವರ ಬಾಯಿಂದ ಕೇಳಿರಿ. ಪುಸ್ತಕ ಕಾಯುತ್ತದೆ, ಅಜ್ಜಿ ಕಾಯುವುದಿಲ್ಲ. ಹೆಸರಿನ ಜತೆ ಊರನ್ನೂ ವಾಳೆಯನ್ನೂ ಬರೆದುಕೊಳ್ಳಿರಿ, ಏಕೆಂದರೆ ಒಂದೇ ಧರ್ಮಕೇಂದ್ರದಲ್ಲಿ ಒಂದೇ ಹೆಸರಿನವರು ಹತ್ತು ಮಂದಿ ಇರುತ್ತಾರೆ. ನಮ್ಮ ಶಕ್ತಿನಗರದಂಥ ಬಡಾವಣೆಗಳಿಗೆ ನಾವು ಬೇರೆ ಬೇರೆ ಊರುಗಳಿಂದ ಬಂದು ಮನೆ ಕಟ್ಟಿಕೊಂಡವರು. ಹಿರಿಯರ ದೀಕ್ಷಾಸ್ನಾನದ ಪುಸ್ತಕ ಅವರವರ ಮೂಲ ಧರ್ಮಕೇಂದ್ರದಲ್ಲಿಯೇ ಇದೆ. ಧರ್ಮಗುರುಗಳ ಅನುಮತಿ ಪಡೆದು, ಅವರಿಗೆ ಬಿಡುವಾದ ದಿನ ಹೋಗಿರಿ. 1990ರ ದಶಕದಿಂದ ಮಂಗಳೂರಿನ ಡಾ. ಮೈಕಲ್ ಲೋಬೊ ಅವರು ಮಂಗಳೂರು ಕಥೋಲಿಕ ಮನೆತನಗಳ ವಂಶಾವಳಿಗಳನ್ನು ಸಂಗ್ರಹಿಸುತ್ತ ಬಂದುದು ಅನೇಕರಿಗೆ ದಾರಿ ತೋರಿಸಿದೆ.

ವಂಶಾವಳಿಯಿಂದ ವ್ಯಾವಹಾರಿಕ ಪ್ರಯೋಜನವೂ ಇದೆ. ಮದುವೆಗೆ ರಕ್ತ ಸಂಬಂಧದ ಅಡ್ಡಿ ಇದೆಯೇ ಎಂದು ನೋಡಲು ಧರ್ಮಸಭೆ ಬಳಸುವ ಲೆಕ್ಕ ಸುಲಭ. ಇಬ್ಬರಿಗೂ ಸಮಾನನಾದ ಹಿರಿಯನವರೆಗೆ ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯಿರಿ. ಆ ಹಿರಿಯನನ್ನು ಬಿಟ್ಟು ಉಳಿದವರನ್ನು ಎಣಿಸಿರಿ. ಒಡಹುಟ್ಟಿದವರು ಎರಡನೆಯ ಹಂತ, ಮಾವ ಮತ್ತು ಸೊಸೆಮಗಳು ಮೂರನೆಯ ಹಂತ, ಒಡಹುಟ್ಟಿದವರ ಮಕ್ಕಳು ನಾಲ್ಕನೆಯ ಹಂತ. ನಾಲ್ಕನೆಯ ಹಂತದವರೆಗೆ ಮದುವೆಗೆ ಅಡ್ಡಿ ಇದೆ.

ಅಳಿಸಿದ ಹೆಸರು

ಈ ಲೇಖನ ಬರೆಯಲು ಕಾರಣವಾದ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಕೆಲವು ವರ್ಷಗಳ ಹಿಂದೆ ತೆನೆಹಬ್ಬದ ಊಟಕ್ಕೆ ಕುಟುಂಬ ಸೇರಿದಾಗ, ಮಕ್ಕಳಿಗಾಗಿ ಒಂದು ವಂಶಾವಳಿ ಬರೆಯೋಣವೆಂದು ಹಿರಿಯರ ಹಳೆಯ ನೋಟು ಪುಸ್ತಕ ತೆಗೆದೆವು. ಗಂಡುಮಕ್ಕಳ ಹೆಸರುಗಳು ದಿನಾಂಕ ಸಹಿತ ಅಂದವಾಗಿ ಇದ್ದವು. ಹೆಣ್ಣುಮಕ್ಕಳಿಗೆ ಬರೀ ಹೆಸರು. ಒಂದು ಕಡೆ ಹೆಸರಿನ ಮೇಲೆ ದಪ್ಪಗೆ ಗೀಟು ಎಳೆದಿತ್ತು. ಕೇಳಿದರೆ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಆಕೆ ನಮ್ಮ ಅಜ್ಜನ ತಂಗಿ. 'ನಮಗೆ ಸರಿಸಮಾನರಲ್ಲದ' ಮನೆಯವನನ್ನು ಮದುವೆಯಾಗಿ ಹೋದವಳು. ಅವನೂ ಕಥೋಲಿಕನೇ. ಆದರೆ ಜಾತಿ ಬೇರೆ. ದೀಕ್ಷಾಸ್ನಾನದ ನೀರಿಗೂ ತೊಳೆಯಲು ಬಿಡದೆ ನಾವು ಕಾಪಾಡಿಕೊಂಡು ಬಂದ ಕೊಳೆ ಅದು.

ಮೂಲ ಧರ್ಮಕೇಂದ್ರದಲ್ಲಿ ಪುಸ್ತಕ ನೋಡಲು ಹೋದೆವು. ಆಕೆಯ ದೀಕ್ಷಾಸ್ನಾನದ ಸಾಲು ಸಿಕ್ಕಿತು. ಪಕ್ಕದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಒಂದು ಟಿಪ್ಪಣಿ: ಘಟ್ಟದ ಮೇಲಿನ ಇಂಥ ಧರ್ಮಕೇಂದ್ರದಲ್ಲಿ, ಇಂಥ ದಿನ, ಇಂಥವರೊಂದಿಗೆ ವಿವಾಹ. ಕಥೋಲಿಕರು ಎಲ್ಲಿ ಮದುವೆಯಾದರೂ ಅದನ್ನು ಅವರ ದೀಕ್ಷಾಸ್ನಾನದ ಪುಸ್ತಕದಲ್ಲಿ ಗುರುತಿಸಬೇಕೆಂಬ ನಿಯಮ 1908ರಿಂದ ಇದೆ. ಮನೆಯವರು ಗೀಟು ಎಳೆದ ಹೆಸರನ್ನು ಧರ್ಮಸಭೆ ಜೋಪಾನವಾಗಿ ಇಟ್ಟುಕೊಂಡಿತ್ತು.

ಆ ಟಿಪ್ಪಣಿ ಹಿಡಿದು ವಿಚಾರಿಸಿದಾಗ ಆಕೆಯ ಮೊಮ್ಮಕ್ಕಳ ವಿಳಾಸ ದೊರೆಯಿತು. ಆಕೆ ತೀರಿಹೋಗಿ ಬಹಳ ಕಾಲವಾಗಿತ್ತು. ಮುಂದಿನ ತೆನೆಹಬ್ಬಕ್ಕೆ ಆಶೀರ್ವದಿಸಿದ ಹೊಸ ತೆನೆಯನ್ನು ಕಾಗದದಲ್ಲಿ ಮಡಚಿ, ದೂರದಲ್ಲಿರುವ ಮಕ್ಕಳಿಗೆ ಕಳುಹಿಸುವಂತೆಯೇ ಅಂಚೆಯಲ್ಲಿ ಕಳುಹಿಸಿದೆವು. ಒಂದು ವಾರದ ಮೇಲೆ ಫೋನು ಬಂತು. ಅತ್ತ ಕಡೆಯ ಧ್ವನಿ ಹೇಳಿತು: "ನಮ್ಮ ಅಜ್ಜಿ ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೆ ಮನೆಯಲ್ಲಿ ಮೀನು ಮಾಂಸ ಮಾಡಲು ಬಿಡುತ್ತಿರಲಿಲ್ಲ. ಒಂದು ಎಲೆ ಹೆಚ್ಚಿಗೆ ಹಾಕಿ ಬಡಿಸಿ ಇಡುತ್ತಿದ್ದರು. ಅದು ಯಾರಿಗೆಂದು ನಮಗೆ ಈಗ ಅರ್ಥವಾಯಿತು."

ನಾವು ಫೋನು ಇಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆವು. ನಾವು ಆಕೆಯನ್ನು ಪಟ್ಟಿಯಿಂದ ತೆಗೆದಿದ್ದೆವು. ಆಕೆ ನಮ್ಮನ್ನು ತನ್ನ ಪಂಕ್ತಿಯಿಂದ ತೆಗೆಯಲಿಲ್ಲ.

ಪ್ರಿಯರೇ, ಈ ಸೆಪ್ಟೆಂಬರ್ 8ರಂದು ಹೆಸರುಗಳ ಆ ಉದ್ದ ಪಟ್ಟಿಯನ್ನು ಓದುವಾಗ ಗಮನವಿಟ್ಟು ಕೇಳೋಣ. ತಾಮಾರಳಿಗೂ ರಹಾಬಳಿಗೂ ರೂತಳಿಗೂ ಸ್ಥಳ ಕೊಟ್ಟ ಪಟ್ಟಿ ಅದು. ಮನೆಗೆ ಬಂದು ಹೊಸ ಅಕ್ಕಿಯ ಊಟಕ್ಕೆ ಕುಳಿತಾಗ, ಹಿರಿಯರು ತೆನೆಯ ಕಾಳುಗಳನ್ನು ಎಲ್ಲರಿಗೂ ಹಂಚುವಾಗ, ನಮ್ಮ ಪಂಕ್ತಿಯಲ್ಲಿ ಯಾರ ಸ್ಥಳ ಖಾಲಿ ಇದೆ ಎಂದು ನೋಡೋಣ. ಮಾತು ಬಿಟ್ಟ ಅಣ್ಣ, ಆಸ್ತಿಯ ಜಗಳದಲ್ಲಿ ದೂರವಾದ ಅಕ್ಕ, ಬೇರೆ ಜಾತಿಯಿಂದ ಬಂದ ಸೊಸೆ, ದತ್ತು ಬಂದ ಮಗು, ಯಾರ ಹೆಸರಿನ ಮೇಲೆ ನಾವು ಗೀಟು ಎಳೆದಿದ್ದೇವೆ? ಆ ಗೀಟು ಅಳಿಸಲು ಹಬ್ಬದ ದಿನಕ್ಕಿಂತ ಒಳ್ಳೆಯ ದಿನ ಬೇಕೆ?

ಬಾಲೆ ಮರಿಯಮ್ಮನವರು ನಮ್ಮ ಕುಟುಂಬಗಳನ್ನು ಒಂದುಗೂಡಿಸಲಿ. ಎಲ್ಲರಿಗೂ ತೆನೆಹಬ್ಬದ ಶುಭಾಶಯಗಳು.